ಹದ್ದಕ್ಕ ಆರಿಸಿದ ಸ್ಕೋಪು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಹದ್ದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಆಸ್ಪತ್ರೆ, ಹೋಟೆಲುಗಳಿಂದ ಬರುವ ಬಟ್ಟೆ ಒಗೆದು, ಒಣಗಿ, ಇಸ್ತ್ರಿಯಾಗಿ ಕೊನೆಗೆ ಕಿಟಕಿಯ ಪಕ್ಕದ ಉದ್ದನೆಯ ಮೇಜಿಗೆ ಬರಬೇಕು. ಆ ಮೇಜು ಅವಳದು. ಬಿಳಿ ಚಾದರದ ಮೇಲೆ ಬೆಳ್ಳಗೇ ಉಳಿದುಹೋದ ಸೋಪಿನ ಕಲೆ, ಬಿಳಿ ಕಾಲರಿನಲ್ಲಿ ತಪ್ಪಿಹೋದ ಒಂದೇ ಒಂದು ಬಿಳಿ ಹೊಲಿಗೆ, ಇವನ್ನೆಲ್ಲ ಬೇರೆಯವರು ಬೆಳಕಿಗೆ ಹಿಡಿದು ಹುಡುಕಬೇಕು. ಇವಳು ಮಡಿಕೆ ಹಾಕುತ್ತ ಹಾಕುತ್ತಲೇ ಹಿಡಿದುಬಿಡುತ್ತಿದ್ದಳು.

ಎದುರಿನ ಸ್ಟೂಲಿನಲ್ಲಿ ಕೂತು ಉದುರಿದ ಗುಂಡಿಗಳನ್ನು ಹಾಕುತ್ತಿದ್ದ ಗುಂಡಿಯಕ್ಕ ಕೇಳುತ್ತಿದ್ದಳು, "ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಬರ್ತೀಯೇನೇ?"

"ಎಣ್ಣೆ ಬಿಟ್ರೆ ಬಟ್ಟೆಗೆ ಕಲೆಯಾಗುತ್ತೆ ಕಣೇ. ಒಣಗಣ್ಣಲ್ಲೇ ನೋಡ್ತೀನಿ."

ಹದ್ದಕ್ಕನ ಗಂಡ ಲಿಫ್ಟು ರಿಪೇರಿಯವನು. ಒಳ್ಳೆಯ ಕೆಲಸಗಾರ, ಮಾತುಗಾರ. ಕುಡಿತವಿಲ್ಲ, ಜೂಜಿಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಗಾಳಿ ಬಂದೂಕಿನಲ್ಲಿ ಗುರಿ ಹೊಡೆಯುವುದು. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಕೆಲವರು ಕೂಡಿ ನಡೆಸುತ್ತಿದ್ದ ಕ್ಲಬ್ಬಿಗೆ ರಜೆ ಬಂದ ಬೆಳಿಗ್ಗೆಯೆಲ್ಲ ಹೋಗುತ್ತಿದ್ದ. ಅಲ್ಲಿ ಅವನು ಲಿಫ್ಟಣ್ಣ. ಹೊಸಬರಿಗೆ ಉಸಿರು ಹಿಡಿಯುವುದು, ಕೆನ್ನೆ ಒತ್ತುವುದು ಎಲ್ಲ ಅವನೇ ತೋರಿಸಬೇಕು. ಮನೆಗೆ ಬಂದು ಅದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದ. ಅವಳು ಪಾತ್ರೆ ಒರೆಸುತ್ತ ಹೂಂಗುಡುತ್ತಿದ್ದಳು.

ಮನೆಯವರನ್ನೂ ಕರೆತರಬಹುದೆಂದು ಕ್ಲಬ್ಬಿನವರು ಹೇಳಿದ ಒಂದು ದಿನ ಅವಳನ್ನೂ ಕರೆದುಕೊಂಡು ಹೋದ. ತಮಾಷೆಗೆಂದು ತನ್ನ ಬಂದೂಕನ್ನು ಅವಳ ಕೈಗೆ ಕೊಟ್ಟ. "ಜೋಪಾನ, ಹಿಂಡಿದ್ರೆ ನೀರು ಬರಲ್ಲ, ಅದು ಬಟ್ಟೆಯಲ್ಲ," ಎಂದ. ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಮಡಿಕೆ ಜಾರದ ಹಾಗೆ ಉಸಿರು ಬಿಗಿಹಿಡಿದು ಚಾದರ ಮಡಚುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಳು. ಕೊಟ್ಟಷ್ಟು ಗುಂಡು ಹೊಡೆದು ಕೆಳಗಿಟ್ಟಳು.

ಕ್ಲಬ್ಬಿನ ಮೇಷ್ಟ್ರು ಗುರಿಯ ಕಾರ್ಡು ತೆಗೆದುಕೊಂಡು ಬಂದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತೂತುಗಳೆಲ್ಲ ಒಂದು ಅಂಗಿಗುಂಡಿಯಷ್ಟು ಜಾಗದಲ್ಲಿದ್ದವು.

"ಲಿಫ್ಟಣ್ಣಾ, ಇಷ್ಟು ವರ್ಷ ಇವರನ್ನ ಎಲ್ಲಿ ಬಚ್ಚಿಟ್ಟಿದ್ರಿ?"

"ಮನೇಲೇ ಇದ್ರು ಮೇಷ್ಟ್ರೇ, ನಾನೇ ನೋಡಿರ್ಲಿಲ್ಲ," ಎಂದ ಅವನು. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಅವಳಿಗೆ ಆಗಲೇ ಐವತ್ತು ದಾಟಿತ್ತು. ಅಷ್ಟೂ ವರ್ಷ ಅವಳ ಕಣ್ಣು ಬಳಕೆಯಾದದ್ದು ಬೇರೆಯವರು ಬಿಟ್ಟ ಕೊಳೆ ಹುಡುಕುವುದಕ್ಕೆ. ಕಲೆ ಸಿಕ್ಕರೆ ಒಗೆಯುವವರಿಗೆ ಬೇಸರ, ಸಿಗದಿದ್ದರೆ ಯಜಮಾನನಿಗೆ ಅನುಮಾನ. ಅವಳು ನೋಡಿದ್ದಕ್ಕೆ ಯಾರೋ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅಂದಿನಿಂದ ರಜೆಯ ಬೆಳಿಗ್ಗೆ ಇಬ್ಬರೂ ಹೋಗತೊಡಗಿದರು. ಅವನ ಬಂದೂಕು ಒಂದೇ, ಸರದಿಯ ಮೇಲೆ ಇಬ್ಬರೂ ಹೊಡೆಯುತ್ತಿದ್ದರು. ಲಾಂಡ್ರಿಯ ಹೆಸರು ಅಲ್ಲಿಗೂ ಅವಳ ಹಿಂದೆಯೇ ಬಂತು. ಹೊಸಬನೊಬ್ಬ ಚಹಾ ಕುಡಿಯುವಾಗ ಲಿಫ್ಟಣ್ಣನನ್ನು ಕೇಳಿದ, "ನೀವು ಹದ್ದಕ್ಕನ ಯಜಮಾನ್ರಲ್ವಾ?" ಅವನು "ಹೌದಪ್ಪ, ಅದೇ ನನ್ನ ಡಿಗ್ರಿ" ಎಂದ. ಅವಳಿಗೆ ಆ ಮಾತು ಕೇಳಿ ಗಂಡನ ಮೇಲೆ ಅಕ್ಕರೆ ಉಕ್ಕಿಬಂತು.

ಕ್ಲಬ್ಬು ಬಿಟ್ಟುಹೋಗುವವನೊಬ್ಬ ತನ್ನ ಸ್ಪ್ರಿಂಗಿನ ಬಂದೂಕನ್ನು ಅವಳಿಗೆ ಸಸ್ತಾ ಬೆಲೆಗೆ ಕೊಟ್ಟ. ಅದಕ್ಕೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪು, ಇರಲಿಲ್ಲ. ಮೇಷ್ಟ್ರು ಹೇಳಿದರು, "ಬೇರೆ ಕ್ಲಬ್ಬಿನವರ ಜೊತೆ ಪಂದ್ಯ ಇದೆಯಮ್ಮ. ನಮ್ಮ ತಂಡದಲ್ಲಿ ಒಂದು ಜಾಗ ಉಳಿದಿದೆ. ಸ್ಕೋಪು ಹಾಕಿಸ್ಕೊಂಡು ಕೈ ಪಳಗಿಸ್ಕೊಳ್ಳಿ, ಅದು ನಿಮ್ಮದೇ."

ಅವಳು ಗಂಡನೊಂದಿಗೆ ದುರ್ಬೀನಿನ ಅಂಗಡಿಗೆ ಹೋದಳು. ಬಸ್ ನಿಲ್ದಾಣದ ಎದುರಿಗೆ, ರೈಲಿನ ಡಬ್ಬಿಯಂತೆ ಉದ್ದಕ್ಕಿದ್ದ ಅಂಗಡಿ. ಅವಳು ಚೀಲದಿಂದ ಹರಿದ ಅಂಗಿಯೊಂದರ ಬಿಳಿ ಕಾಲರು ತೆಗೆದು, ಅದನ್ನು ಆ ಕೊನೆಯ ಗೋಡೆಗೆ ಪಿನ್ನು ಹಾಕಿ ನಿಲ್ಲಿಸಲು ಅಂಗಡಿಯವನನ್ನು ಕೇಳಿಕೊಂಡಳು.

"ಸ್ಕೋಪು ಕೊಳ್ಳೋಕೆ ಕಾಲರು ತಂದವರು ನೀವೇ ಮೊದಲು," ಎಂದ ಅಂಗಡಿಯವನು. ಬೋಳುತಲೆಯ, ನಿಧಾನದ ಮನುಷ್ಯ.

"ಬಿಳೀದರ ಮೇಲೆ ಬಿಳೀದು ಕಂಡ್ರೆ ಮಿಕ್ಕಿದ್ದೆಲ್ಲ ಕಾಣುತ್ತೆ ಅಣ್ಣಾ."

ಅವನು ಮೊದಲು ಕೊಟ್ಟದ್ದು ಬೆಲೆಬಾಳುವ ಸ್ಕೋಪು. ಅವಳು ನೋಡಿದಳು. ಕಾಲರಿನ ಅಂಚಿನ ಸುತ್ತ ತೆಳ್ಳನೆಯ ನೇರಳೆ ಗೆರೆ ಕಂಡಿತು. "ಇದಕ್ಕೆ ನೀಲಿ ಜಾಸ್ತಿಯಾಗಿದೆ," ಎಂದು ಕೆಳಗಿಟ್ಟಳು. ಅಂಗಡಿಯವನು ತಾನೂ ನೋಡಿ, ಹುಬ್ಬೇರಿಸಿ, ಇನ್ನೊಂದು ಕೊಟ್ಟ. ಅದರಲ್ಲಿ ನಡುವೆ ತಿಳಿ, ಸುತ್ತ ಕದಡು. ಆಮೇಲೆ ಕೊಟ್ಟದ್ದು ಚಿಕ್ಕದು, ಅವಳ ಕೈಗೆಟುಕುವ ಬೆಲೆಯದು. ಮುಂದಿನ ಗಾಜಿನ ಸುತ್ತ ಬಳೆಯಂಥದ್ದೊಂದು ಇತ್ತು. ಅದನ್ನು ತಿರುಗಿಸಿದಾಗ ಕಾಲರಿನ ಹೊಲಿಗೆ ಒಂದೊಂದಾಗಿ ಎದ್ದುಬಂತು.

"ಇದು ಒಗೆದ ಬಿಳಿ," ಎಂದಳು.

ಅಂಗಡಿಯವನಿಗೆ ಹುರುಪು ಬಂತು. "ಸರಿಯಾಗೇ ಆರಿಸಿದ್ರಿ. ಮೊದಲನೇ ಬಂದೂಕಿಗೆ ಬಹಳ ದೊಡ್ಡದಾಗಿ ತೋರಿಸೋದು ಬೇಡಮ್ಮ. ಗುರಿ ದೊಡ್ಡದಾದ ಹಾಗೆ ಕೈಯ ನಡುಕವೂ ದೊಡ್ಡದಾಗುತ್ತೆ. ಈ ಬಳೆ ಹತ್ತಿರದ್ದನ್ನ ತಿಳಿ ಮಾಡೋಕೆ, ಇದು ಮರೀಬೇಡಿ. ಇನ್ನೊಂದು, ನಿಮ್ಮ ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಎರಡು ಕಡೆ ಒದೆ ತಿನ್ನೋ ಸ್ಕೋಪು ಗಟ್ಟಿ ಇರ್ಬೇಕು."

"ಗೃಹಿಣಿ ಇದ್ದ ಹಾಗೆ," ಎಂದಳು ಅವಳು. ಮೂವರೂ ನಕ್ಕರು.

ಮೇಲಿನ ತಿರುಪು ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಅದನ್ನು ಒಂದು ಕಡೆ ಕೆಲವು ಟಿಕ್ಕು ತಿರುಗಿಸಿ, ಮತ್ತೆ ಅಷ್ಟೇ ಟಿಕ್ಕು ಹಿಂದಕ್ಕೆ ತಂದು ನೋಡಿದಳು. ಗಾಜಿನೊಳಗಿನ ಅಡ್ಡ-ಉದ್ದದ ಕೂಡುಗೆರೆ ಮೊದಲಿದ್ದ ಹೊಲಿಗೆಯ ಮೇಲೇ ಬಂದು ಕೂತಿತು. ಹೋದದ್ದು ಹೋದ ಹಾಗೆ ಮನೆಗೆ ಬರುವ ಸ್ಕೋಪು ಎಂದು ಅವಳಿಗೆ ಸಮಾಧಾನವಾಯಿತು. ಆದರೆ ಅದನ್ನು ಅವಳ ಬಂದೂಕಿಗೆ ಬಿಗಿಯುವ ಹಿಡಿಕೆ ಬೇರೆ ಕಡೆಯಿಂದ ಬರಬೇಕಿತ್ತು. ಬಂದ ಮೇಲೆ ಎರಡನ್ನೂ ಒಟ್ಟಿಗೇ ಒಯ್ಯಬಹುದೆಂದು ಅಂಗಡಿಯವನು ಹೇಳಿದ.

"ನೀನು ಕೆಲಸ ಬಿಟ್ಟು ಯಾಕೆ ಬರ್ತೀಯ, ನಾನೇ ತರ್ತೀನಿ," ಎಂದ ಗಂಡ.

ತಂದ. ಆದರೆ ಪೆಟ್ಟಿಗೆ ಬಿಚ್ಚಿದಾಗ ಒಳಗಿದ್ದದ್ದು ಬೇರೆ. ಉದ್ದ, ದಪ್ಪ, ನೋಡಿದರೆ ಭಯವಾಗುವಷ್ಟು ದೊಡ್ಡದು.

"ನೀನು ಆರಿಸಿದ್ದು ಖಾಲಿಯಾಗಿತ್ತಂತೆ. ಅದೇ ಬೆಲೆಗೆ ಅದರ ಅಣ್ಣನ್ನೇ ಕೊಟ್ಟ."

"ಮುಂದೆ ಬಳೆಯೇ ಇಲ್ವಲ್ಲ ರೀ?"

"ಇದರಲ್ಲಿ ಅದು ಒಳಗೇ ಇರುತ್ತೆ. ನಮ್ಮ ಲಿಫ್ಟಿನ ಬಾಗಿಲ ಹಾಗೆ, ತಾನಾಗೇ ಸರಿಮಾಡ್ಕೊಳ್ಳುತ್ತೆ. ದೊಡ್ಡದು ಅಂದ್ರೆ ಸುಮ್ನೇನಾ?"

ಅವತ್ತು ಅವಳು ಕಾಲರು ಹುಡುಕಲಿಲ್ಲ. ಅಂಗಡಿಯವನ ಮಾಲನ್ನು ಪರೀಕ್ಷೆ ಮಾಡಬಹುದು. ಕೈಹಿಡಿದವನ ಕೈಯಿಂದ ಬಂದದ್ದನ್ನು ಗೋಡೆಗೆ ಪಿನ್ನು ಹಾಕಿ ಯಾರು ನೋಡುತ್ತಾರೆ? ಅವನೇ ಕೂತು ಸ್ಕೋಪನ್ನು ಬಂದೂಕಿಗೆ ಬಿಗಿದ. ಅವಳು ಪಕ್ಕದಲ್ಲಿ ನಿಂತು ತಿರುಪುಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು.

ಮುಂದಿನ ರಜೆಯಿಂದ ಅವಳ ಗುರಿ ಹಾಳಾಯಿತು. ಗೋದಾಮಿನ ಆ ಕೊನೆಯ ಕಾರ್ಡೇನೋ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಸ್ನಾನದ ಮನೆಯ ಆವಿ ಹಿಡಿದ ಕನ್ನಡಿಯಲ್ಲಿ ಮುಖ ಕಂಡ ಹಾಗೆ. ಕಪ್ಪು ವೃತ್ತದ ಅಂಚು ಕರಗಿ ಹೋಗುತ್ತಿತ್ತು. ಕೆನ್ನೆ ಕೂದಲೆಳೆಯಷ್ಟು ಸರಿದರೂ ಕೂಡುಗೆರೆ ಗುರಿಯ ಮೇಲೆ ಈಜುತ್ತಿತ್ತು. ಗುಂಡುಗಳು ಕಾರ್ಡಿನ ತುಂಬ ಕಾಳು ಚೆಲ್ಲಿದ ಹಾಗೆ ಬಿದ್ದವು.

"ರೀ, ಮಂಜುಮಂಜಾಗಿ ಕಾಣ್ತಿದೆ," ಎಂದಳು.

ಅವನು ಅವಳ ಬಂದೂಕಿನ ಹಿಂದೆ ಕೂತು ಕಣ್ಣಿಟ್ಟು ನೋಡಿದ. ಎದ್ದು ಅವಳ ಭುಜ ತಟ್ಟಿದ. "ನನಗೆ ಕನ್ನಡಿ ಹಾಗೆ ಕಾಣ್ತಿದೆಯಲ್ಲೇ. ಸುಸ್ತಾಗಿರ್ಬೇಕು ನಿನಗೆ."

ಮೇಷ್ಟ್ರು ಒಮ್ಮೆ "ಕೊಡಿ, ನಾನೂ ನೋಡ್ತೀನಿ" ಎಂದು ಕೈ ಚಾಚಿದರು. "ಈಗಷ್ಟೇ ನಾನೇ ನೋಡ್ದೆ ಮೇಷ್ಟ್ರೇ, ಬಂಗಾರದ ಹಾಗಿದೆ" ಎಂದ ಲಿಫ್ಟಣ್ಣ. ಅವನ ಮಾತಿನ ಮೇಲೆ ಆ ಗೋದಾಮಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು.

ಅವನು ಬೇಸರ ಮಾಡಿಕೊಳ್ಳದೆ ಅವಳಿಗೆ ಹೇಳಿಕೊಟ್ಟ. ಉಸಿರು ಬಿಡು, ಬೆರಳು ಸಡಿಲ ಮಾಡು, ಕಣ್ಣು ಮಿಟುಕಿಸು. ಮನೆಯಲ್ಲಿ ಅವಳ ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟ. ಕೊನೆಗೆ ಒಂದು ದಿನ ತಾನೇ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಬೆಂಚಿನ ಮೇಲೆ ಕೂತಾಗ ಅವಳ ಕೈ ತಣ್ಣಗಾಗಿತ್ತು. ಅವನು ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ. ಡಾಕ್ಟರು ದೀಪ ಬಿಟ್ಟು ನೋಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದೆ ಎಂದರು. ಹೊರಗೆ ಬಂದ ಮೇಲೆ ಅವನು, "ಡಾಕ್ಟರು ನೋಡೋ ಕಣ್ಣೇ ಬೇರೆ, ಗುರಿಗೆ ಬೇಕಾದ ಕಣ್ಣೇ ಬೇರೆ. ವಯಸ್ಸು ಯಾರನ್ನೂ ಬಿಡಲ್ಲ ಕಣೇ," ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ಅವಳಿಗೆ ಅಳು ಬಂತು.

ಅನುಮಾನ ಬಟ್ಟೆಗೆ ಹತ್ತಿದ ತುಕ್ಕಿನ ಹಾಗೆ, ಹತ್ತಿದ ಜಾಗದಲ್ಲೇ ನಿಲ್ಲುವುದಿಲ್ಲ. ಲಾಂಡ್ರಿಯ ಮೇಜಿನ ಮುಂದೆ ನಿಂತಾಗಲೂ ಅವಳಿಗೆ ಕೈ ಓಡದಾಯಿತು. ನೋಡಿದ ಚಾದರವನ್ನೇ ಮತ್ತೆ ಬಿಚ್ಚುತ್ತಿದ್ದಳು. ಇಲ್ಲದ ಕಲೆ ಇದ್ದ ಹಾಗೆ, ಇದ್ದ ಕಲೆ ತಪ್ಪಿದ ಹಾಗೆ. ಬಟ್ಟೆ ರಾಶಿ ಬಿದ್ದಿತು. ಯಾರೂ ಏನೂ ಹೇಳುವ ಮೊದಲೇ ಅವಳೇ ಯಜಮಾನನ ಹತ್ತಿರ ಹೋಗಿ, "ನನ್ನ ಕಣ್ಣು ಹೋಗಿದೆ. ಯಾರ ಹೆಸರೂ ಕೆಡೋದು ಬೇಡ, ಮೇಜು ಬೇರೆಯವರಿಗೆ ಕೊಡಿ," ಎಂದಳು. ಅವನು ಅವಳನ್ನು ಟವೆಲು ಮಡಚುವ ಕಡೆಗೆ ಹಾಕಿದ. ಅಲ್ಲಿ ಯಾವ ಕಣ್ಣೂ ಬೇಕಿಲ್ಲ.

ಗುಂಡಿಯಕ್ಕ ಮಾತ್ರ ಒಪ್ಪಲಿಲ್ಲ. "ನಿನ್ನೆ ತಾನೇ ನನ್ನ ಬೈತಲೆಯಲ್ಲಿ ಒಂದು ಬಿಳಿ ಕೂದಲು ಹುಡುಕಿ ಕಿತ್ತೆಯಲ್ಲ. ಕುರುಡಿಯಂತೆ ಕುರುಡಿ!"

"ಹತ್ತಿರದ್ದು ಕಾಣುತ್ತೆ ಕಣೇ. ದೂರದ್ದೇ ಇಲ್ಲ."

"ಮೊನ್ನೆ ಆ ಮೂಲೆಯಿಂದ ಬರೋ ಬಸ್ಸಿನ ಬೋರ್ಡು ಓದಿದ್ಯಾರು, ನಿಮ್ಮಜ್ಜಿನಾ?"

 ಆದರೆ ಗಂಡನ ಮಾತಿನ ಮುಂದೆ ಗುಂಡಿಯಕ್ಕನ ಮಾತು ನಿಲ್ಲಲಿಲ್ಲ. ಪಂದ್ಯ ಹತ್ತಿರ ಬಂದಾಗ ಅವಳು ಮೇಷ್ಟ್ರಿಗೆ ತನ್ನ ಜಾಗ ಬೇಡವೆಂದಳು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಆ ಜಾಗವನ್ನು ಲಿಫ್ಟಣ್ಣನಿಗೆ ಕೊಟ್ಟರು. "ನಿನಗೋಸ್ಕರ ಕಾದಿಟ್ಟಿರ್ತೀನಿ ಬಿಡು," ಎಂದ ಅವನು.

ಆದರೂ ಅವಳಿಗೆ ಆಸೆ ಬಿಡಲಿಲ್ಲ. ಕಣ್ಣು ಮಂಜಾಗಿದ್ದರೆ ಇನ್ನೂ ದೊಡ್ಡದಾಗಿ ತೋರಿಸುವ ಸ್ಕೋಪು ಇರಬಹುದಲ್ಲ ಎಂದುಕೊಂಡಳು. ಗಂಡನಿಗೆ ಯಾಕೆ ಇನ್ನಷ್ಟು ತೊಂದರೆ ಎಂದು ಅವನಿಗೆ ಹೇಳದೆ, ಸ್ಕೋಪನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ದುರ್ಬೀನಿನ ಅಂಗಡಿಗೆ ಹೋದಳು.

"ಅಣ್ಣಾ, ನನ್ನ ಕಣ್ಣು ಹೋಯ್ತು. ಇದಕ್ಕಿಂತ ದೊಡ್ಡದು ಏನಾದ್ರೂ ಇದೆಯಾ?"

ಅಂಗಡಿಯವನು ಟವೆಲು ಬಿಚ್ಚಿ ನೋಡಿದ. ಆಮೇಲೆ ಅವಳನ್ನು ಬಾಗಿಲಿಗೆ ಕರೆತಂದು, ಸ್ಕೋಪನ್ನು ಕೈಗಿತ್ತು, ರಸ್ತೆಯ ಆ ತುದಿಯಲ್ಲಿದ್ದ ನೀರಿನ ಟ್ಯಾಂಕನ್ನು ತೋರಿಸಿದ. "ಅದರ ಮೇಲೆ ಏನಿದೆ ಹೇಳಿ."

"ಏಣಿ. ಏಣಿಯ ಒಂದು ಮೆಟ್ಟಿಲು ಕಿತ್ತಿದೆ. ಕಾಗೆ ಕೂತಿದೆ. ಕಾಗೆ ಕಾಲಲ್ಲಿ ದಾರ ಇದೆ."

"ಈಗ ಒಳಗೆ ತಿರುಗಿ. ಆ ಗೋಡೆ ಗಡಿಯಾರ ನೋಡಿ."

ಮಂಜು.

ಅವನು ಸ್ಕೋಪನ್ನು ತೆಗೆದುಕೊಂಡು ತನ್ನ ಕಣ್ಣಿಗಿಟ್ಟು ಅದೇ ಗಡಿಯಾರ ನೋಡಿದ. "ನನಗೂ ಮಂಜೇ. ಇದು ದೂರದ ಮೈದಾನಕ್ಕೆ ಮಾಡಿದ ಸ್ಕೋಪಮ್ಮ. ಹತ್ತಿರದ್ದು ಯಾರು ನೋಡಿದ್ರೂ ಹೀಗೇ ಕಾಣುತ್ತೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ಅವಳು ಮೊದಲು ನಕ್ಕುಬಿಟ್ಟಳು.  "ಅಯ್ಯೋ, ನಾನು ಆರಿಸಿದ್ದು ಖಾಲಿಯಾಗಿತ್ತು ಅಂತ ನೀವೇ ಇದನ್ನ ಕೊಟ್ರಂತಲ್ಲ?"

"ಖಾಲಿನಾ?" ಅಂಗಡಿಯವನು ಬಗ್ಗಿ ಕೆಳಗಿನ ಕಪಾಟಿನಿಂದ ಒಂದು ಪೊಟ್ಟಣ ತೆಗೆದ. ಚಿಕ್ಕ ಸ್ಕೋಪು, ಅದಕ್ಕೆ ಸುತ್ತಿದ ಬಿಳಿ ಕಾಲರು. "ನಿಮಗೆ ಅಂತ ತೆಗೆದಿಟ್ಟಿದ್ದೆ. ನಿಮ್ಮ ಯಜಮಾನ್ರು ಬಂದು ಬೇಡ, ಆ ದೊಡ್ಡದು ಕೊಡಿ ಅಂದ್ರು. ನಾನು ಹೇಳ್ದೆ, ಸ್ವಾಮಿ, ಇದು ನಿಮ್ಮ ಗೋದಾಮಿನೊಳಗೆ ಮಂಜಾಗಿ ಕಾಣುತ್ತೆ ಅಂತ. 'ಗೊತ್ತು, ಅದೇ ಕೊಡಿ' ಅಂದ್ರು. ಎಲ್ಲೋ ಹೊರಗೆ ದೂರದ ಗುರಿ ಹೊಡೀತೀರೇನೋ ಅಂದ್ಕೊಂಡೆ."

ಗೊತ್ತು, ಅದೇ ಕೊಡಿ. ಅವಳು ಆ ಮಾತನ್ನು ಕಾಲರು ಬಿಚ್ಚುತ್ತ ಇನ್ನೊಮ್ಮೆ ಹೇಳಿಸಿದಳು. ಅಂಗಡಿಯವನು ಹೇಳಿದ, ಹೇಳಿ ತಾನೇ ತಲೆ ತಗ್ಗಿಸಿದ. ದೊಡ್ಡದನ್ನು ವಾಪಸು ತೆಗೆದುಕೊಂಡು ಚಿಕ್ಕದನ್ನು ಕೊಡಲು ಅವನು ಒಪ್ಪಿದ. ಅವಳು "ಒಂದೇ ಒಂದು ದಿನ ಎರಡೂ ನನ್ನ ಹತ್ರ ಇರ್ಲಿ" ಎಂದು ಕೇಳಿಕೊಂಡಳು.

ಮನೆಯಲ್ಲಿ ಅವನು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಯಾವುದೋ ಲಿಫ್ಟಿನ ಬಾಗಿಲ ಗಾಲಿಗೆ ಗ್ರೀಸು ಹಚ್ಚುತ್ತಿದ್ದ. ಅವಳು ಎರಡೂ ಸ್ಕೋಪುಗಳನ್ನು ಪೇಪರಿನ ಮೇಲೆ ಪಕ್ಕಪಕ್ಕ ಇಟ್ಟಳು. ಅವನ ಕೈ ನಿಂತಿತು. ಅವನು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಅವಳಿಗೆ ಉಳಿದಿದ್ದ ಒಂದೇ ಒಂದು ಎಳೆ ಆಸೆಯೂ ಹರಿಯಿತು.

"ಯಾಕೆ?" ಎಂದಳು.

"ಹೇಳೋಣ ಅಂತಲೇ ಇದ್ದೆ."

"ಯಾವಾಗ? ನಾನು ಕುರುಡಿ ಅಂತ ಊರೆಲ್ಲ ಒಪ್ಪಿದ ಮೇಲಾ?"

"ಅಷ್ಟು ದೂರ ಹೋಗುತ್ತೆ ಅಂತ ನನಗೇನು ಗೊತ್ತು? ನಾಲ್ಕು ದಿನ ಗುರಿ ತಪ್ಪಿದ್ರೆ ನಿನಗೇ ಸಾಕಾಗುತ್ತೆ ಅಂದ್ಕೊಂಡೆ." ಅವನು ಗ್ರೀಸಿನ ಕೈಯನ್ನು ಒರೆಸಿದ, ಒರೆಸುತ್ತಲೇ ಇದ್ದ. "ಎಲ್ಲಿ ಹೋದ್ರೂ ಹದ್ದಕ್ಕನ ಗಂಡ, ಹದ್ದಕ್ಕನ ಗಂಡ. ದಿನವೆಲ್ಲ ಕತ್ತಲ ಗುಂಡಿಯಲ್ಲಿ ತಂತಿ ಹಿಡ್ಕೊಂಡು ನೇತಾಡೋನು ನಾನು. ನನಗೆ ಅಂತ ಇದ್ದಿದ್ದು ಅದೊಂದೇ ಜಾಗ."

"ಹೇಳಿದ್ರೆ ಬಿಟ್ಟುಕೊಡ್ತಿದ್ದೆ."

"ಅದೇ ಮತ್ತೆ! ನೀನು ಬಿಟ್ಟುಕೊಟ್ಟು ನಾನು ಇಸ್ಕೋಬೇಕಾ?"

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು. "ಸ್ಕೋಪು ಬದಲಾಯಿಸಿದ್ದು ಒಂದು ಗಳಿಗೆಯ ಕೆಟ್ಟ ಬುದ್ಧಿ, ಹೋಗ್ಲಿ. ಡಾಕ್ಟರ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು ಕೂತಿದ್ಯಲ್ಲ, ಆಗ ನಿನ್ನ ಮನಸ್ಸಲ್ಲಿ ಏನಿತ್ತು?"

ಮದುವೆಯಾದಂದಿನಿಂದ ಅವನನ್ನು ಅವಳು ನೀವು ಎಂದೇ ಕರೆದಿದ್ದಳು. ನೀನು ಎಂದದ್ದು ಅವನಿಗೆ ಕೇಳಿಸಿತು. ಅವಳಿಗೂ ಕೇಳಿಸಿತು. ಅವನು ಗ್ರೀಸಿನ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ, "ತಂಡದ ಜಾಗ ನಿನಗೇ ಬಿಡ್ತೀನಿ. ನಾಳೆಯೇ ಮೇಷ್ಟ್ರಿಗೆ ಹೇಳ್ತೀನಿ," ಎಂದ.

"ನೀನು ಬಿಟ್ಟುಕೊಟ್ಟು ನಾನು ಇಸ್ಕೋಬೇಕಾ?" ಎಂದು ಅವಳು ಎದ್ದುಹೋದಳು.

ಪಂದ್ಯಕ್ಕೆ ಅವನೇ ಹೋದ. ಹೇಗೆ ಹೊಡೆದನೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗುಂಡಿಯಕ್ಕನಿಗೆ ಮಾತ್ರ ವಿಷಯ ಹೇಳಿದಳು. ಗುಂಡಿಯಕ್ಕ ಬಾಯಲ್ಲಿದ್ದ ದಾರ ಉಗಿದು, "ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೇಳೋದೇ?" ಎಂದಳು. ಆಮೇಲೆ ಅವಳಿಗಿಂತ ಮೊದಲು ತಾನೇ ಯಜಮಾನನ ಹತ್ತಿರ ಹೋಗಿ, ಹದ್ದಕ್ಕನ ಕಣ್ಣು ಸರಿಯಾಯಿತು, ಮೇಜು ಕೊಡಿ ಎಂದು ಜಗಳವಾಡಿದಳು. ಯಜಮಾನ ಕೊಟ್ಟ. ಅವಳು ಹಳೆಯ ಜಾಗದಲ್ಲಿ ನಿಂತಳು. ಬೆಳಕು ಅದೇ, ಬಟ್ಟೆ ಅದೇ. ಮೊದಲ ಚಾದರದಲ್ಲೇ ಸೋಪಿನ ಕಲೆ ಕಂಡಿತು. ಕಂಡರೂ ಅವಳು ಅದನ್ನು ಪಕ್ಕಕ್ಕೆ ಹಾಕದೆ ಗುಂಡಿಯಕ್ಕನ ಎದುರಿಗೆ ಹಿಡಿದು, "ಇಲ್ಲಿ ಕಲೆ ಇದೆಯಾ ನೋಡೇ," ಎಂದು ಕೇಳಿದಳು.

"ಇದೆಯಲ್ಲ, ನೀನೇ ತೋರಿಸ್ತಿದ್ದೀಯ."

"ಸುಮ್ನೆ ಕೇಳ್ದೆ."

ಅಂದು ಹಾಗೆ ಎಷ್ಟೋ ಸಲ ಕೇಳಿದಳು. ಗುಂಡಿಯಕ್ಕ ಮೊದಮೊದಲು ಚೇಷ್ಟೆ ಮಾಡಿದವಳು ಆಮೇಲೆ ಮಾಡಲಿಲ್ಲ. ತಲೆಯೆತ್ತಿ ನೋಡಿ, ಇದೆ ಅಥವಾ ಇಲ್ಲ ಎಂದು ಹೇಳಿ, ಮತ್ತೆ ಗುಂಡಿ ಹಾಕುತ್ತಿದ್ದಳು.

ಗೋದಾಮಿಗೆ ಹೋಗುವುದನ್ನು ಅವಳು ಬಿಡಲಿಲ್ಲ. ಚಿಕ್ಕ ಸ್ಕೋಪನ್ನು ತಾನೇ ಬಿಗಿದುಕೊಂಡು ಒಬ್ಬಳೇ ಹೋದಳು. ಗಂಡ ಆಗಲೇ ಬಂದು ತನ್ನ ಜಾಗದಲ್ಲಿ ಕೂತಿದ್ದ. ಪಕ್ಕದ ಜಾಗ ಖಾಲಿಯಿತ್ತು, ಬೇರೆ ಖಾಲಿ ಇರಲಿಲ್ಲ. ಕೂತಳು. ಬಳೆ ತಿರುಗಿಸಿದಳು. ಕಾರ್ಡಿನ ಕಪ್ಪು ವೃತ್ತ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತು. ಉಸಿರು ಹಿಡಿದು ಹೊಡೆದಳು. ಒಂದು ಚಿಕ್ಕ ತೂತು, ನಡುವಿನಲ್ಲಿ.

ಪಕ್ಕದಿಂದ ಅವನು ತನ್ನ ಸ್ಕೋಪಿನಲ್ಲಿ ನೋಡಿ, ಅವಳ ಕಡೆ ತಿರುಗದೆ, "ಹತ್ತಕ್ಕೆ ಹತ್ತು. ನಟ್ಟನಡುವೆ," ಎಂದ. ದನಿಯಲ್ಲಿ ಕಪಟವಿರಲಿಲ್ಲ.

ಅವಳು ಬಂದೂಕು ಕೆಳಗಿಟ್ಟು ಮೇಷ್ಟ್ರ ಕಡೆ ಕೈ ಎತ್ತಿದಳು. ಮೇಷ್ಟ್ರು ಎಲ್ಲರಿಗೂ ಹೊಡೆಯುವುದನ್ನು ನಿಲ್ಲಿಸಲು ಹೇಳಿದರು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಗೋದಾಮಿನ ಆ ಕೊನೆಯವರೆಗೂ ನಡೆದು ಹೋದಳು. ಕಾರ್ಡಿನ ಮುಂದೆ ನಿಂತು ತೂತಿನ ಮೇಲೆ ಬೆರಳಿಟ್ಟಳು. ಹರಿದ ಕಾಗದದ ಅಂಚು ಬೆರಳಿಗೆ ಒರಟಾಗಿ ತಾಕಿತು. ಆಮೇಲೆ ವಾಪಸು ಬಂದಳು.

"ಸ್ಕೋಪಲ್ಲಿ ಕಾಣ್ಲಿಲ್ವೇನಮ್ಮ?" ಎಂದರು ಮೇಷ್ಟ್ರು.

"ಕಾಣ್ತು ಮೇಷ್ಟ್ರೇ."

"ಲಿಫ್ಟಣ್ಣ ಬೇರೆ ಹೇಳಿದ್ರಲ್ಲ, ಹತ್ತು ಅಂತ."

 ಅವಳು ಕೂತು, ಇನ್ನೊಂದು ಗುಂಡು ತುಂಬಿದಳು. ಹೊಡೆದಾದ ಮೇಲೆ ಮತ್ತೆ ಕೈ ಎತ್ತಿದಳು. ಪಕ್ಕದವನು ಬಂದೂಕಿನಿಂದ ಕಣ್ಣು ತೆಗೆದು, ಅವಳು ಹೋಗಿ ಮುಟ್ಟಿ ಬರುವವರೆಗೂ ನೆಲ ನೋಡುತ್ತ ಕಾದ.